ಗೋಣಿಚೀಲದ ತುಂಬ ತಗಡು: ಬೀಟಲ್ ಎಂಜಿನ್ನಿನ ಯಾವ ತಗಡು ಎಲ್ಲಿಗೆ?

ಹಾಸನದವ
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ ಫೋಕ್ಸ್‌ವ್ಯಾಗನ್ ಬೀಟಲ್ ಈಗ ನನ್ನ ಪಾಲಿಗೆ ಬಂದಿದೆ. 1962ರ ಗಾಡಿ, ಬಲಗಡೆ ಸ್ಟೇರಿಂಗ್. ಸಕಲೇಶಪುರದ ಹತ್ತಿರ ತೋಟದ ಶೆಡ್ಡಿನಲ್ಲಿ ಹದಿನಾರು ವರ್ಷ ನಿಂತಿತ್ತು. ಕೊನೆಗೆ ಕೈ ಹಾಕಿದ ಮೆಕ್ಯಾನಿಕ್ ಎಂಜಿನ್ ಕೆಳಗಿಳಿಸಿ, ಹೆಡ್ಡು ಸಿಲಿಂಡರು ಕೂಡಿಸಿ, ಅಲ್ಲಿಗೇ ಬಿಟ್ಟು ಹೋಗಿದ್ದಾನೆ. ಅದರ ಮೇಲೆ ಕೂರಬೇಕಾದ ತಗಡೆಲ್ಲ ಒಂದು ಕಾಫಿ ಗೋಣಿಚೀಲದಲ್ಲಿ ಸಿಕ್ಕಿತು. ಚೀಲ ಸುರುವಿದರೆ ಎರಡು ಇಲಿಮರಿ, ಮಿಕ್ಕಿದ್ದೆಲ್ಲ ತುಕ್ಕು.

ತಗಡಿಗೆ ನಂಬರ್ ಬರೆದು ಫೋಟೊ ಹಾಕಿದ್ದೇನೆ.

1. ದೊಡ್ಡ ಅರ್ಧಚಂದ್ರದ ಡಬ್ಬಿ. ಫ್ಯಾನ್ ಕೂರೋದು ಇಲ್ಲಿ ಅಂತ ನನಗೂ ಗೊತ್ತು. ಎರಡೂ ಪಕ್ಕ ಪೈಪ್ ಸಿಗಿಸೋ ಬಾಯಿ ಇದೆ. ಒಳಗೆ ಕೆಳಗಡೆ ತೆರೆದು ಮುಚ್ಚೋ ರೆಕ್ಕೆಗಳಿವೆ.
2. ಮನೆ ಚಾವಣಿ ಥರದ್ದು ಎರಡು. ಒಂದೊಂದರಲ್ಲೂ ಎರಡೆರಡು ತೂತು.
3. ಅಂಗೈಯಷ್ಟು ದೊಡ್ಡದಿರೋ ಅಲೆ ಅಲೆ ತಗಡು, ತಂತಿ ಕ್ಲಿಪ್ ಸಮೇತ. ಎರಡು.
4. ಅಡಕೆ ಹಾಳೆ ಥರ ಬಾಗಿದ್ದು, ಎರಡು.
5. ಹಾರ್ಮೋನಿಯಂ ತಿದಿಯಂಥ ಹಿತ್ತಾಳೆ ಡಬ್ಬಿ. ಮೇಲೆ 65–70 ಅಂತ ಒತ್ತಿದ ಅಂಕಿ.
6. ದೊಡ್ಡ ಬಳೆಯಂಥ ಉಂಗುರ.
7. ನೇರವಾದ ಅಗಲ ತಗಡು, ಒಂದು ಅಂಚು ಮಡಚಿದೆ.
8. ಅರ್ಧ ವೃತ್ತ ಕತ್ತರಿಸಿದ ಸಣ್ಣ ತಗಡು.

ಇವೆಲ್ಲ ಬೇಕೇ ಬೇಕಾ? ಊರಿನ ಮೆಕ್ಯಾನಿಕ್ಕು "ಫ್ಯಾನ್ ಡಬ್ಬಿ ಕೂರಿಸಿದ್ರೆ ಸಾಕು, ಮಿಕ್ಕಿದ್ದು ಗುಜರಿಗೆ ಹಾಕಿ" ಅಂತಾನೆ.

ಗುಜರಿ ಗುರು
ಗುಜರಿಗೆ ಹಾಕೋದಾದ್ರೆ ನನಗೆ ಹೇಳಿ, ನಾಳೆ ಬೆಳಿಗ್ಗೆ ಹಾಸನದಲ್ಲಿ ಇರ್ತೀನಿ. 😀

ತಮಾಷೆ ಪಕ್ಕಕ್ಕಿಡಿ. ಒಂದನ್ನೂ ಬಿಸಾಡಬೇಡಿ. 2 ಸಿಲಿಂಡರ್ ಮೇಲಿನ ಮುಚ್ಚಳ, ಆ ತೂತು ಸ್ಪಾರ್ಕ್ ಪ್ಲಗ್ಗಿಗೆ. 8 ಪುಲ್ಲಿ ಹಿಂದೆ ಕೂರೋದು. 5 ಥರ್ಮೋಸ್ಟಾಟ್, ಎಂಜಿನ್ ಬಿಸಿ ನೋಡಿ ಗಾಳಿ ಬಿಡೋದು. ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಮ್ಮ ದೇಶದ ಸೆಕೆಗೆ ಯಾಕೆ ಬೇಕು?

ಚೇತಕ್ ಸವಾರ
ನಮ್ಮಪ್ಪನ ಸ್ಕೂಟರಿಗೂ ಹೀಗೇ ಫ್ಯಾನ್ ಕೌಲಿಂಗ್ ಇತ್ತು. ಹಾಕದೆ ಒಂದು ವಾರ ಓಡಿಸಿ ಪಿಸ್ಟನ್ ಸೀಜ್ ಮಾಡಿಕೊಂಡ್ರು. ಗಾಳಿ ಎಲ್ಲಿಗೆ ಹೋಗಬೇಕು ಅಂತ ಯಾರಾದ್ರೂ ಅದಕ್ಕೆ ಹೇಳಬೇಕಲ್ಲ?

ಶ್ಟುಟ್‌ಗಾರ್ಟ್ ಶೆಟ್ಟಿ
ಚೇತಕ್‌ನವರು ಒಂದೇ ಸಾಲಲ್ಲಿ ಪೂರಾ ಹೇಳಿಬಿಟ್ಟ್ರು ಮಾರಾಯ್ರೇ.

ಇದರಲ್ಲಿ ರೇಡಿಯೇಟರ್ ಇಲ್ಲ, ನೀರಿಲ್ಲ. ಡೈನಮೋ ಶಾಫ್ಟಿನ ಒಂದು ತುದಿಗೆ ಪುಲ್ಲಿ, ಇನ್ನೊಂದು ತುದಿಗೆ ಫ್ಯಾನ್. ಫ್ಯಾನ್ ಎಳೆದ ಗಾಳಿ ಡಬ್ಬಿಯೊಳಗೆ ಎರಡು ಪಾಲಾಗಿ ಎಡಬಲದ ಸಿಲಿಂಡರ್ ಮೇಲೆ ಇಳೀತದೆ. ನಂ. 2ರ ಮುಚ್ಚಳ ಇಲ್ಲದಿದ್ದರೆ ಅದು ಮೇಲಿಂದಲೇ ಸೋರಿ ಹೋಗ್ತದೆ. ಸಿಲಿಂಡರ್ ಸುತ್ತ ಇರುವ ತೆಳು ಪಟ್ಟಿಗಳ, ಅಂದರೆ ಫಿನ್ನಿನ ಸಂದಿಯಲ್ಲಿ ನುಗ್ಗುವುದು ಕಷ್ಟದ ದಾರಿ, ಗಾಳಿಗೆ ಸುಲಭದ ದಾರಿ ಸಿಕ್ಕಿದರೆ ಅಲ್ಲಿ ಯಾಕೆ ನುಗ್ಗೀತು?

ಈಗ ನಂ. 3. ಆ ಪುಟ್ಟ ಅಲೆ ತಗಡೇ ಈ ಚೀಲದ ಚಿನ್ನ. ಒಂದು ಪಕ್ಕದ ಎರಡು ಸಿಲಿಂಡರುಗಳ ನಡುವೆ, ಅಡಿಯಿಂದ ಕೂರುವುದು. ಮೇಲಿಂದ ಬಂದ ಗಾಳಿ ಎರಡು ಸಿಲಿಂಡರ್ ಮಧ್ಯದ ಸಂದಿಯಿಂದ ಸೀದಾ ನೆಲಕ್ಕೆ ಬೀಳದ ಹಾಗೆ ತಡೆದು, ಸಿಲಿಂಡರ್ ಹೊಟ್ಟೆಯನ್ನು ಬಳಸಿಕೊಂಡು ಅಡಿಭಾಗದ ಫಿನ್ನಿಗೂ ಮುಟ್ಟುವ ಹಾಗೆ ಮಾಡ್ತದೆ. ರಿಪೇರಿಗೆ ಬಿಚ್ಚಿದವರು ಅರ್ಧಕ್ಕರ್ಧ ಮಂದಿ ವಾಪಸ್ ಹಾಕುವುದೇ ಇಲ್ಲ. ಹೊರಗಿಂದ ಕಾಣುವುದಿಲ್ಲ, ಹಾಕದಿದ್ದರೂ ಎಂಜಿನ್ ಸ್ಟಾರ್ಟ್ ಆಗ್ತದೆ, ಗಿರಾಕಿಗೆ ಗೊತ್ತೂ ಆಗುವುದಿಲ್ಲ.

ನಿಮಗೊಂದು ಕೆಟ್ಟ ಸುದ್ದಿ. ಹೆಡ್ಡೂ, ವಾಲ್ವ್ ತಳ್ಳುವ ಕಡ್ಡಿಯ ಕೊಳವೆ ಅಂದರೆ ಪುಷ್‌ರಾಡ್ ಟ್ಯೂಬೂ ಕೂತ ಮೇಲೆ ಅದನ್ನು ಒಳಗೆ ತೂರಿಸಲಿಕ್ಕೆ ಆಗುವುದಿಲ್ಲ. ಹೆಡ್ ಬಿಚ್ಚಬೇಕು.

ಹಾಸನದವ
ಅಯ್ಯೋ ಶೆಟ್ರೇ. ಹೆಡ್ ಕೂರಿಸಿದ ಖರ್ಚು ದೊಡ್ಡಪ್ಪನ ಡೈರಿಯಲ್ಲಿ ಇನ್ನೂ ಕಾಣ್ತಿದೆ. ಬಿಚ್ಚಲೇಬೇಕಾ?

ಶ್ಟುಟ್‌ಗಾರ್ಟ್ ಶೆಟ್ಟಿ
ಬಿಚ್ಚಲೇಬೇಕು.

ಗುಜರಿ ಗುರು
ಶೆಟ್ರು ಜರ್ಮನಿಯಲ್ಲಿ ಕೂತು ಹೆಡ್ ಬಿಚ್ಚಿಸ್ತಾರೆ. ಅದಿಲ್ಲದೆ ಮೂವತ್ತು ವರ್ಷ ಓಡಿದ ಗಾಡಿ ನಾನು ನೋಡಿದೀನಿ ಸ್ವಾಮಿ. ಬೆಂಗಳೂರಿನ ಜೆ.ಸಿ. ರಸ್ತೆಯ ಪಾರ್ಟ್ ಅಂಗಡಿಗಳಲ್ಲಿ ಕೇಳಿ ನೋಡಿ ಬೇಕಾದ್ರೆ.

ಮೈಸೂರ್‌ಪಾಕು
ಓಡಿದ ಗಾಡಿ ನೋಡಿದೀರಿ. ಆ ಮೂವತ್ತು ವರ್ಷದಲ್ಲಿ ಎಷ್ಟು ಸಲ ವಾಲ್ವ್ ಸುಟ್ಟಿತು ಅಂತ ಕೇಳಿದ್ರಾ?

ನನ್ನದು 1300 ಎಂಜಿನ್ನಿನ ಗಾಡಿ, ಅಪ್ಪ ಕೊಟ್ಟಿದ್ದು. ನಮ್ಮ ಮನೆಯಲ್ಲಿ ಮೂರನೇ ಸಿಲಿಂಡರಿಗೆ "ಸೊಸೆ" ಅಂತಲೇ ಹೆಸರು, ಎಲ್ಲರ ಬಿಸಿಯೂ ಅದರ ತಲೆ ಮೇಲೇ. ಯಾಕೆ ಅಂದ್ರೆ ಹಳೆಯ ಎಂಜಿನ್ನಿನಲ್ಲಿ ಆಯಿಲ್ ಕೂಲರ್ ಫ್ಯಾನ್ ಡಬ್ಬಿಯ ಒಳಗೇ ಎಡಗಡೆ ನೆಟ್ಟಗೆ ನಿಂತಿರುತ್ತೆ, ಮೂರನೇ ಸಿಲಿಂಡರಿನ ನೆತ್ತಿ ಮೇಲೆ. ಅಲ್ಲಿಗೆ ಇಳಿಯೋ ಗಾಳಿಗೆ ಕೂಲರ್ ಅಡ್ಡ. ದಾಟಿ ಬಂದ ಗಾಳಿಯೂ ಆಗಲೇ ಎಣ್ಣೆ ಬಿಸಿ ಹೊತ್ತಿರುತ್ತೆ. ಪ್ಲಗ್ಗುಗಳಿಗೆ ಕಿಡಿ ಹಂಚೋ ಕೆಲವು ಹಳೇ ಡಿಸ್ಟ್ರಿಬ್ಯೂಟರುಗಳಲ್ಲಿ ಕಂಪನಿಯವರೇ ಮೂರನೆಯದಕ್ಕೆ ಮಾತ್ರ ಕಿಡಿ ಸ್ವಲ್ಪ ತಡವಾಗಿ ಬೀಳೋ ಹಾಗೆ ಕ್ಯಾಮ್ ಕೆತ್ತಿದ್ದರು ಅಂದ್ರೆ ಯೋಚನೆ ಮಾಡಿ. 1971ರ ಮಾಡೆಲ್ಲಿಗೆ ಕೂಲರನ್ನು ಪಕ್ಕಕ್ಕೆ ಸರಿಸಿ ಅದಕ್ಕೇ ಬೇರೆ ಗೂಡು ಮಾಡಿದರು, ಅದರ ಬಿಸಿಗಾಳಿ ಹೊರಗೆ ಹೋಗೋ ದಾರಿಯೂ ಬೇರೆ. ಅದನ್ನೇ ಡಾಗ್‌ಹೌಸ್ ಅನ್ನೋದು. ಹಾಸನದವರ ಫೋಟೊದಲ್ಲಿ ಡಬ್ಬಿ ಹಿಂದೆ ಗೂಡು ಇಲ್ಲ, ಹಳೆಯದೇ.

ಹುಬ್ಬಳ್ಳಿ ಹೈದ
ಸೊಸಿ 😂😂 ಅಕ್ಕಾರ, ಇದನ್ನ ನಮ್ಮ ಅವ್ವಗ ತೋರಿಸೂದಿಲ್ಲ ನಾ.

ಚೇತಕ್ ಸವಾರ
ಮೂರನೇ ಸಿಲಿಂಡರ್ ಅಂದ್ರೆ ಯಾವುದು? ಪುಲ್ಲಿ ಕಡೆಯಿಂದ ಎಣಿಸಬೇಕಾ?

ಗುಜರಿ ಗುರು
ಪುಲ್ಲಿ ಕಡೆಯೇ ಮುಂದೆ. ಯಾವ ಎಂಜಿನ್ ಆದ್ರೂ ಅಷ್ಟೇ.

ಮೈಸೂರ್‌ಪಾಕು
ಇದರಲ್ಲಿ ಅಲ್ಲ. ಎಂಜಿನ್ ಇರೋದು ಗಾಡಿ ಹಿಂದೆ, ಪುಲ್ಲಿ ಇರೋದು ಇನ್ನೂ ಹಿಂದೆ. ಮುಂದೆ ಅಂದ್ರೆ ಗಾಡಿ ಮೂತಿಯ ಕಡೆ, ಫ್ಲೈವೀಲ್ ಕಡೆ. ಡ್ರೈವರ್ ಮುಂದೆ ನೋಡಿಕೊಂಡು ಕೂತ ಹಾಗೆ ಎಡ–ಬಲ ಲೆಕ್ಕ. ಬಲಗಡೆ ಮುಂದಿನದು 1, ಅದರ ಹಿಂದಿನದು 2. ಎಡಗಡೆ ಮುಂದಿನದು 3, ಹಿಂದಿನದು 4. ಕಿಡಿ ಬೀಳೋ ಕ್ರಮ 1-4-3-2. ಸ್ಟೇರಿಂಗ್ ಯಾವ ಕಡೆ ಇದ್ದರೂ ಇದು ಬದಲಾಗಲ್ಲ.

ಗುಜರಿ ಗುರು
ಸರಿ ಬಿಡಿ, ಅದು ನಿಮ್ಮ ಮಾತೇ ಸರಿ. ನಾನು ಅಂಬಾಸಿಡರ್ ಲೆಕ್ಕದಲ್ಲಿ ಹೇಳಿದೆ.

ರಿಟೈರ್ಡ್ ಮೇಷ್ಟ್ರು
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. "ಗಾಳಿಯಿಂದ ತಂಪಾಗುವ ಎಂಜಿನ್ ಹೀಟ್ ಆಗುವುದೇ ಇಲ್ಲ" ಎಂದು ನಂಬಿದವರು ಬಹಳ. ಗಾಳಿ ಕುದಿಯುವುದಿಲ್ಲ, ನಿಜ. ಆದರೆ ಎಂಜಿನ್ನಿನ ಎಣ್ಣೆ ತೆಳುವಾಗುತ್ತದೆ, ಅಲ್ಯೂಮಿನಿಯಂ ಹೆಡ್ಡು ಬಿರುಕು ಬಿಡುತ್ತದೆ. ನೀರಿನ ಎಂಜಿನ್ ಹಬೆ ಬಿಟ್ಟು ಮುಂಚೆಯೇ ಕೂಗಿಕೊಳ್ಳುತ್ತದೆ. ಇದು ಸುಮ್ಮನೆ ಸಾಯುತ್ತದೆ.

ನನ್ನ ಸಹೋದ್ಯೋಗಿಯೊಬ್ಬರು ಚಾರ್ಮಾಡಿ ಹತ್ತುವಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿತು. "ಡೈನಮೋ ದೀಪ ತಾನೇ, ಬ್ಯಾಟರಿ ಇದೆಯಲ್ಲ, ಕೊಟ್ಟಿಗೆಹಾರದಲ್ಲಿ ನೋಡೋಣ" ಎಂದು ಓಡಿಸಿದರು. ಬೆಲ್ಟ್ ಹರಿದಿತ್ತು. ಡೈನಮೋ ನಿಂತರೆ ಫ್ಯಾನೂ ನಿಂತಂತೆ ಎಂಬುದು ಅವರಿಗೆ ಹೊಳೆಯಲಿಲ್ಲ. ಕೊಟ್ಟಿಗೆಹಾರಕ್ಕೆ ಕಾರು ತಲುಪಿದ್ದು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು.

ಹುಬ್ಬಳ್ಳಿ ಹೈದ
ಕೊಟ್ಟಿಗೆಹಾರದಾಗ ನೀರ್ ದೋಸಿ ತಿಂದರ ಇಲ್ಲೋ ಸರ?

ರಿಟೈರ್ಡ್ ಮೇಷ್ಟ್ರು
ತಿಂದೆವು. ಎಂಟು ಗಂಟೆ ಬೇರೇನು ಮಾಡುವುದು?

ಹಾಸನದವ
ಹಾಗಾದ್ರೆ ನಂ. 6ರ ಬಳೆ? ಫ್ಯಾನ್ ಡಬ್ಬಿಗೆ ಎಲ್ಲಿ ಹಿಡಿದರೂ ಕೂರ್ತಿಲ್ಲ. ಇನ್ನು ನಂ. 4?

ಶ್ಟುಟ್‌ಗಾರ್ಟ್ ಶೆಟ್ಟಿ
4 ಸಿಲಿಂಡರ್ ಅಡಿಯ ತಗಡು, ಪುಷ್‌ರಾಡ್ ಟ್ಯೂಬಿನ ಕೆಳಗೆ ಸ್ಕ್ರೂ ಹಾಕಿ ಕೂರಿಸುವುದು. ಬಿಸಿಯಾದ ಗಾಳಿಯನ್ನು ಹೊರಗೆ ದಾಟಿಸ್ತದೆ. ಎಡ ಯಾವುದು ಬಲ ಯಾವುದು ಅಂತ ಗೊಂದಲ ಇದ್ದರೆ ತುಕ್ಕು ಕೆರೆದು ನೋಡಿ, ಅಸಲಿ ತಗಡಾದರೆ ಎಷ್ಟೋ ಸಲ ಪಾರ್ಟ್ ನಂಬರ್ ಒತ್ತಿರ್ತಾರೆ. ಮೂರು ಮೂರು ಅಂಕಿಯ ಗುಂಪು. ಮೊದಲ ಗುಂಪು ಯಾವ ಗಾಡಿಗೆ ಅಂತ ಮಾಡಿದ್ದು ಎಂದು ಹೇಳ್ತದೆ. ನಡುವೆ 119 ಇದ್ದರೆ ಫ್ಯಾನು ಮತ್ತು ಗಾಳಿ ತಗಡಿನ ಗುಂಪು. 117 ಇದ್ದರೆ ಆಯಿಲ್ ಕೂಲರ್ ಕಡೆಯದ್ದು. ಎಡಬಲದ ಜೋಡಿಯಲ್ಲಿ ಕೊನೆಯ ಅಂಕಿ ಬೆಸ ಆದರೆ ಎಡ, ಸಮ ಆದರೆ ಬಲ.

6ರ ಬಗ್ಗೆ ಹೇಳುವ ಮೊದಲು ನನಗೊಂದು ಅನುಮಾನ. ಎಂಜಿನ್ ನಂಬರ್ ಏನುಂಟು? ಡೈನಮೋ ಸ್ಟ್ಯಾಂಡಿನ ಬುಡದಲ್ಲಿ ಕ್ರ್ಯಾಂಕ್‌ಕೇಸಿನ ಮೇಲೆ ಕೆತ್ತಿರ್ತದೆ. ಪೂರ್ತಿ ಇಲ್ಲಿ ಹಾಕಬೇಡಿ, ಶುರುವಿನ ಅಕ್ಷರ ಮಾತ್ರ ಸಾಕು. ಆ ಸ್ಟ್ಯಾಂಡು ಕೇಸಿನ ಜೊತೆಗೇ ಎರಕವೋ, ಬೋಲ್ಟ್ ಬಿಚ್ಚಿ ತೆಗೆಯುವಂಥದ್ದೋ ಅದನ್ನೂ ನೋಡಿ.

ಹಾಸನದವ
ಸೀಮೆಎಣ್ಣೆ ಹಾಕಿ ಉಜ್ಜಿದೆ. ಸ್ಟ್ಯಾಂಡ್ ಬಿಚ್ಚೋದಕ್ಕೆ ಬರುತ್ತೆ. ನಂಬರ್ ಡಿ ಅಕ್ಷರದಿಂದ ಶುರು.

ಶ್ಟುಟ್‌ಗಾರ್ಟ್ ಶೆಟ್ಟಿ
ನಾನು ಎಣಿಸಿದ ಹಾಗೇ ಆಯ್ತು. ಇದು 1962ರ ಎಂಜಿನ್ ಅಲ್ಲ ಮಾರಾಯ್ರೇ! ಡಿ ಅಂದರೆ 1200 ಸಿಸಿ, ಆದರೆ ಈ ಅಕ್ಷರ ಹಾಕಲಿಕ್ಕೆ ಶುರು ಮಾಡಿದ್ದೇ 1965ರ ಆಗಸ್ಟಿನಲ್ಲಿ. ಎಫ್ ಇದ್ದರೆ 1300, ಎಚ್ ಇದ್ದರೆ 1500. 1962ರದಕ್ಕೆ ಬರೀ ಅಂಕಿ.

ಬಳೆಯ ಒಗಟೂ ಇದರಲ್ಲೇ ಬಿಡಿಸಿತು. 1964ರ ನಡುವರೆಗಿನ ಎಂಜಿನ್ನಿನಲ್ಲಿ ಗಾಳಿ ನಿಯಂತ್ರಣಕ್ಕೆ ರೆಕ್ಕೆ ಇರಲಿಲ್ಲ. ಫ್ಯಾನ್ ಡಬ್ಬಿಯ ಬಾಯಿಗೆ, ಹಿಂದಿನ ಸೀಟಿನ ಕಡೆಯ ಗೋಡೆಗೆ ಮುಖ ಮಾಡಿ ಒಂದು ಉಂಗುರ ಇರ್ತಿತ್ತು. ಎಂಜಿನ್ ತಣ್ಣಗಿದ್ದಾಗ ಉಂಗುರ ಬಾಯಿಗೆ ಅಂಟಿ ಗಾಳಿ ತಡೀತದೆ, ಬಿಸಿಯಾದ ಹಾಗೆ ಥರ್ಮೋಸ್ಟಾಟ್ ಅದನ್ನು ದೂರ ತಳ್ತದೆ. 1965ರ ಮಾಡೆಲ್ಲಿನಿಂದ ಅದು ಹೋಗಿ ಡಬ್ಬಿಯೊಳಗೆ ರೆಕ್ಕೆ ಬಂತು. ನಿಮ್ಮ ಡಬ್ಬಿಯಲ್ಲಿ ರೆಕ್ಕೆ, ಚೀಲದಲ್ಲಿ ಉಂಗುರ. ಅಂದರೆ ಉಂಗುರ ನಿಮ್ಮ ದೊಡ್ಡಪ್ಪನ ಹಳೇ ಎಂಜಿನ್ನಿನದು. ಯಾವಾಗಲೋ ಎಂಜಿನ್ ಬದಲಾಗಿದೆ.

ಹಾಸನದವ
ಮೈ ಜುಮ್ ಅಂತು. ಆರ್‌ಸಿ ತೆಗೆದು ನೋಡಿದೆ. ಎಂಜಿನ್ ನಂಬರ್ ಬರೀ ಅಂಕಿ, ಅಕ್ಷರವೇ ಇಲ್ಲ. ದೊಡ್ಡಮ್ಮನ ಕೇಳಿದೆ. "ಹೂಂ ಕಣೋ, ಮದರಾಸಿನಿಂದ ಎಂಥದೋ ತರಿಸಿದ್ರು, ನನ್ನ ಎರಡು ಬಳೆ ಹೋಯ್ತು" ಅಂದ್ರು.

ಮೈಸೂರ್‌ಪಾಕು
ದೊಡ್ಡಮ್ಮನ ಬಳೆ ಹೋಗಿ ಎಂಜಿನ್ ಬಂತು, ಎಂಜಿನ್ನಿನ ಬಳೆ ಚೀಲದಲ್ಲಿ ಉಳೀತು!

ಗುಜರಿ ಗುರು
ಈಗ ಆರ್‌ಟಿಒ ಕಥೆ ಶುರು. ಎಂಜಿನ್ ನಂಬರ್ ಹೊಂದದಿದ್ರೆ ರಿನ್ಯೂವಲ್‌ಗೆ ಹೋದಾಗ ಸಿಕ್ಕಿಬೀಳ್ತೀರಿ. ಬದಲಾಯಿಸಿದ್ದನ್ನ ಆರ್‌ಸಿಯಲ್ಲಿ ಬರೆಸಿಕೊಳ್ಳಿ ಮೊದಲು.

ಚೇತಕ್ ಸವಾರ
ವಿಂಟೇಜ್ ಅಂತ ಬೇರೆ ನಂಬರ್ ಪ್ಲೇಟ್ ಕೊಡ್ತಾರಂತಲ್ಲ, ವಿಎ ಸೀರೀಸು? ಅದು ಮಾಡಿಸಿದ್ರೆ ಆಗಲ್ವಾ?

ಮೈಸೂರ್‌ಪಾಕು
2021ರಲ್ಲಿ ಬಂದ ಕೇಂದ್ರದ ನಿಯಮ ಅದು. 50 ವರ್ಷ ದಾಟಿರಬೇಕು, ಹೊಸ ನೋಂದಣಿಗೆ 20,000 ರೂ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು ಅನ್ನೋ ಷರತ್ತಿದೆ. ಮೇಲಾಗಿ ದಿನನಿತ್ಯ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿಗೆ ಮಾತ್ರ. ಹಾಸನದವರು ಗಾಡಿ ಓಡಿಸೋಕೆ ಅಲ್ವಾ ಮಾಡ್ತಿರೋದು? ಮೊದಲು ಎಂಜಿನ್ ಮಾತು ಮುಗಿಸೋಣ, ಇದಕ್ಕೆ ಬೇರೆ ಚರ್ಚೆ ತೆಗೀರಿ.

ಹುಬ್ಬಳ್ಳಿ ಹೈದ
ಒಂದ ಮಾತ್ ಹೇಳ್ತೇನ್ರೀ. ಡಬ್ಬಿಗೆ ಎರಡೂ ಬಾಜೂ ಬಾಯಿ ಅದಾವ ಅಂದ್ರೆಲ್ಲ, ಅವು ಹೀಟರ್ ಪೈಪಿನವು. ಚಳಿ ದೇಶದಾಗ ಗಾಡಿ ಒಳಗ ಬೆಚ್ಚಗಿನ ಗಾಳಿ ಬಿಡಾಕ. ನಮ್ಮ ಕಡೆ ಹೀಟರ್ ಯಾರಿಗ್ ಬೇಕ್ರೀ, ಎಲ್ಲಾರೂ ಕಿತ್ತು ಒಗದಾರ. ಬಾಯಿ ಮಾತ್ರ ಹಂಗ ಬಿಟ್ಟಾರ. ಸಿಲಿಂಡರಿಗೆ ಹೋಗಬೇಕಾದ ಗಾಳಿ ಭುಸ್ ಅಂತ ಅಲ್ಲಿಂದ ಹೊರಗ. ನಮ್ಮ ಕಾಕಾ ಮೂರು ಬ್ಯಾಸಗಿ ತಲಿ ಕೆಡಿಸಿಕೊಂಡಿದ್ರು, ರಾಯಚೂರಿಗೆ ಹೋಗೂದ್ರಾಗ ಗಾಡಿ ಏರು ಎಳೀತಿದ್ದಿಲ್ಲ. ಕಡೀಕ ಎರಡು ಸ್ಟೀಲ್ ವಾಟಗಾ ತಂದು ಬಾಯಿಗೆ ಬಡದು ಕೂಡ್ಸಿ ಕ್ಲಿಪ್ ಹಾಕಿದ್ರು. ಕಾಕೂನ ಮದುವಿ ವಾಟಗಾ. ಈಗೂ ಅದಾವ, ಹೆಸರು ಕೆತ್ತಿಸಿದ್ದು ಕಾಣಸ್ತೈತಿ.

ಶ್ಟುಟ್‌ಗಾರ್ಟ್ ಶೆಟ್ಟಿ
ಈ ಇಡೀ ಚರ್ಚೆಯಲ್ಲೇ ಅತಿ ಉಪಯೋಗದ ಮಾತು ಇದು. ಹಾಸನದವ್ರೇ, ನಿಮ್ಮಲ್ಲಿ ಹೀಟರ್ ಉಂಟಾ?

ಹಾಸನದವ
ಇಲ್ಲ. ಬಾಯಿ ಎರಡೂ ಖಾಲಿ. ಒಂದರೊಳಗೆ ಹಕ್ಕಿ ಗೂಡು.

ರಿಟೈರ್ಡ್ ಮೇಷ್ಟ್ರು
ಗೂಡನ್ನು ಹಾಗೇ ಬಿಟ್ಟಿದ್ದರೆ ಒಂದು ಬಾಯಿಯಾದರೂ ಮುಚ್ಚಿರುತ್ತಿತ್ತು.

ಗುಜರಿ ಗುರು
ಥರ್ಮೋಸ್ಟಾಟ್ ವಿಷಯಕ್ಕೆ ಬನ್ನಿ. ನಾನು ಹೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಮ್ಮಲ್ಲಿ ಗಾಳಿ ತಡೆಯೋ ರೆಕ್ಕೆ ಯಾಕೆ? ಕಿತ್ತು ಬಿಸಾಕಿದ್ರೆ ಗಾಳಿ ಧಾರಾಳ.

ಮೈಸೂರ್‌ಪಾಕು
ಗುರುಗಳೇ, ಬೆಳಿಗ್ಗೆ ಮೈಸೂರಲ್ಲಿ ಡಿಸೆಂಬರ್ ತಿಂಗಳು ನಿಮ್ಮ ಗಾಡಿ ಸ್ಟಾರ್ಟ್ ಮಾಡಿ ನೋಡಿ. ಎಣ್ಣೆ ಬಿಸಿಯಾಗೋಕೆ ಎಷ್ಟು ಹೊತ್ತು ಬೇಕು? ತಣ್ಣಗಿರೋ ಎಂಜಿನ್ ಓಡಿಸಿದಷ್ಟೂ ಸವೆತ ಜಾಸ್ತಿ. ಈ ತಿದಿ ಡಬ್ಬಿ ಬಲಗಡೆ ಸಿಲಿಂಡರ್ ಕೆಳಗೆ ಕೂರುತ್ತೆ. 65ರಿಂದ 70 ಡಿಗ್ರಿಗೆ ಹಿಗ್ಗುತ್ತೆ, ಕಡ್ಡಿ ಸಡಿಲ ಬಿಡುತ್ತೆ, ಸ್ಪ್ರಿಂಗ್ ರೆಕ್ಕೆ ತೆರೆಯುತ್ತೆ. ಆಮೇಲೆ ಅದು ಇದೆ ಅಂತಲೇ ಗೊತ್ತಾಗಲ್ಲ. ಅಸಲಿ ತಿದಿ ತೂತಾಗಿ ಕೆಟ್ಟರೂ ತಾನೇ ಹಿಗ್ಗಿ ರೆಕ್ಕೆ ತೆರೆದೇ ಇರುತ್ತೆ. ಅಂದ್ರೆ ಕೆಟ್ಟರೂ ಎಂಜಿನ್ ಸುಡಲ್ಲ. ಅಷ್ಟು ಯೋಚನೆ ಮಾಡಿ ಮಾಡಿದ್ದನ್ನ ಯಾಕೆ ಕೀಳಬೇಕು?

ಗುಜರಿ ಗುರು
ಮಾಡಿದವರು ಹಿಮ ಬೀಳೋ ಊರಿಗೆ ಮಾಡಿದ್ದು.

ಶ್ಟುಟ್‌ಗಾರ್ಟ್ ಶೆಟ್ಟಿ
ಥರ್ಮೋಸ್ಟಾಟ್ ಇಲ್ಲದೆ ಓಡಿಸುವುದು ನಿಮ್ಮಿಷ್ಟ, ನಮ್ಮ ಊರಿನ ಸೆಕೆಯಲ್ಲಿ ದೊಡ್ಡ ಅನಾಹುತ ಏನೂ ಆಗ್ಲಿಕ್ಕಿಲ್ಲ, ಆ ಮಟ್ಟಿಗೆ ಗುರುಗಳ ಮಾತು ಒಪ್ತೇನೆ. ಆದರೆ ಕಡ್ಡಿ ಕಿತ್ತು, ಸ್ಪ್ರಿಂಗನ್ನೂ ಕಿತ್ತು, ರೆಕ್ಕೆ ಮಾತ್ರ ಒಳಗೆ ಜೋತಾಡ್ಲಿಕ್ಕೆ ಬಿಡ್ತಾರಲ್ಲ, ಅದು ಯಾವಾಗ ಬೇಕಾದರೂ ಮುಚ್ಚಿಕೊಂಡೀತು. ಅದು ಮಾತ್ರ ಬೇಡ.

ಹಾಸನದವ
ತಿದಿ ಕೆಲಸ ಮಾಡುತ್ತಾ ಅಂತ ನೋಡೋದು ಹೇಗೆ?

ಮೈಸೂರ್‌ಪಾಕು
ಬಿಸಿನೀರಿಗೆ ಹಾಕಿ. ಪಾತ್ರೆ ತಳದಲ್ಲಿ ಗುಳ್ಳೆ ಏಳೋಕೆ ಶುರುವಾದಾಗ ಹಿಗ್ಗಿರಬೇಕು, ಸುಮಾರು 46 ಮಿ.ಮೀ. ಉದ್ದ ಆಗಬೇಕು. ತಣ್ಣಗಿದ್ದಾಗಲೂ ಅಷ್ಟೇ ಉದ್ದ ಇದ್ರೆ ಅದು ಸತ್ತಿದೆ ಅಂತ. ಹಳೇ ಪಾತ್ರೆ ತಗೊಳ್ಳಿ, ದಯವಿಟ್ಟು.

ಹಾಸನದವ
ಹಾಲು ಕಾಯಿಸೋ ಪಾತ್ರೆಯಲ್ಲಿ ಹಾಕಿದ್ದೆ. ತಡವಾಗಿ ಓದಿದೆ ನಿಮ್ಮ ಕೊನೇ ಸಾಲು. ತಿದಿ ಹಿಗ್ಗಿತು, ಅಮ್ಮನ ಕೋಪವೂ ಹಿಗ್ಗಿತು. ಪಾತ್ರೆ ಈಗ ಶೆಡ್ಡಿಗೆ ನನ್ನ ಹೆಸರಿಗೆ ಬಂದಿದೆ.

ಬಸ್ ಪ್ರಿಯ
ಕದ್ದು ಓದ್ತಿದ್ದೆ, ಈಗ ಕೇಳಲೇಬೇಕು. ನಂ. 7ರ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಅದರ ಮೇಲೆ ನಂಬರ್ ಇದೆಯಾ?

ಗುಜರಿ ಗುರು
7 ಪುಲ್ಲಿ ಕೆಳಗಿನ ಹಿಂದಿನ ತಗಡು. ಎಂಜಿನ್ನಿಗೂ ಬಾಡಿಗೂ ನಡುವಿನ ಸಂದು ಮುಚ್ಚೋದು. ಇದರಲ್ಲಿ ಅನುಮಾನವೇ ಇಲ್ಲ.

ಹಾಸನದವ
ಕೆರೆದೆ. 211 ಅಂತ ಶುರುವಾಗುತ್ತೆ. ಮಿಕ್ಕಿದ್ದು ತುಕ್ಕು ತಿಂದಿದೆ. ಗುರುಗಳು ಹೇಳಿದ ಜಾಗಕ್ಕೆ ಹಿಡಿದರೆ ಎರಡೂ ತುದಿಯಲ್ಲಿ ಬೆರಳು ಹೋಗುವಷ್ಟು ಸಂದಿ.

ಬಸ್ ಪ್ರಿಯ
211 ಅಂದ್ರೆ ಟೈಪ್ 2. ಫೋಕ್ಸ್‌ವ್ಯಾಗನ್ನಿನ ವ್ಯಾನ್ ಇದೆಯಲ್ಲ, ಆ ಕೋಂಬಿ ಬಸ್ಸಿನದು! ನಾನು ಎರಡು ವರ್ಷದಿಂದ ಹುಡುಕ್ತಿದೀನಿ.

ಶ್ಟುಟ್‌ಗಾರ್ಟ್ ಶೆಟ್ಟಿ
ನಿಲ್ಲಿ ನಿಲ್ಲಿ. 211 ಅಂದಕೂಡಲೇ ಬಸ್ಸಿನದೇ ಅಂತ ಅಲ್ಲ. ಆ ಪಾರ್ಟು ಮೊದಲು ಯಾವ ಗಾಡಿಗೆ ಅಂತ ಮಾಡಿದರೋ ಆ ನಂಬರ್ ಹಾಕ್ತಾರೆ. ಆಮೇಲೆ ಅದನ್ನೇ ಬೀಟಲ್ಲಿಗೂ ಹಾಕಿರಬಹುದು. 113 ಅಂತ ಬೀಟಲ್ಲಿನ ನಂಬರ್ ಇದ್ದ ಪಾರ್ಟು ಬಸ್ಸಿನಲ್ಲಿ ಇರುವುದಿಲ್ವಾ? ಆಕಾರ ನೋಡಿ ಹೇಳಬೇಕು. ಹಾಸನದವ್ರೇ, ಹೊರಗಿನ ಅಂಚು ನೇರವೋ, ಬಾಗಿದೆಯೋ?

ಹಾಸನದವ
ಸ್ಕೇಲ್ ಇಟ್ಟೆ. ಎಳ್ಳಷ್ಟೂ ಬಾಗಿಲ್ಲ, ನೇರ.

ಶ್ಟುಟ್‌ಗಾರ್ಟ್ ಶೆಟ್ಟಿ
ಹಾಗಾದರೆ ಬಸ್ಸಿನದೇ. ಬೀಟಲ್ಲಿನ ಹಿಂದಿನ ಬಾಡಿ ಗುಂಡಗೆ ಉಂಟಲ್ಲ, ಅದರ ತಗಡೂ ಆ ಬಾಗಿಗೆ ತಕ್ಕ ಹಾಗೆ ಇರ್ತದೆ. ಬಸ್ಸಿನ ಹಿಂಭಾಗ ಚಪ್ಪಟೆ, ತಗಡೂ ನೇರ. ಬಸ್ ಪ್ರಿಯರಿಗೆ ಲಾಟರಿ.

ಗುಜರಿ ಗುರು
ಅನುಮಾನವೇ ಇಲ್ಲ ಅಂದಿದ್ದೆ. ವಾಪಸ್ ತಗೊಂಡೆ. ಹಾಗಾದ್ರೆ ಬೀಟಲ್ಲಿನ ಹಿಂದಿನ ತಗಡು ಇವರಿಗೆ ಬೇಕಲ್ಲ? ನನ್ನ ಹತ್ರ ಒಂದಿದೆ, ಅಸಲಿ. ಹೊಸ ನಕಲಿ ತಗಡು ಮಾತ್ರ ತಗೋಬೇಡಿ. ಕ್ರೋಮ್ ಮಿಂಚುತ್ತೆ ಅಷ್ಟೇ, ತೆಳು, ತೂತು ತೂತಿಗೆ ಸೇರಲ್ಲ, ಫೈಲ್ ಹಿಡ್ಕೊಂಡು ಉಜ್ಜೋದೇ ಆಗುತ್ತೆ.

ಚೇತಕ್ ಸವಾರ
ಹಿಂದಿನ ತಗಡು ಇಲ್ಲದೆ ಓಡಿಸಿದ್ರೆ ಏನಾಗುತ್ತೆ? ಅದು ಸಿಲಿಂಡರ್ ಹತ್ರ ಕೂಡ ಇಲ್ಲವಲ್ಲ.

ರಿಟೈರ್ಡ್ ಮೇಷ್ಟ್ರು
ಒಳ್ಳೆಯ ಪ್ರಶ್ನೆ. ಎಂಜಿನ್ ಕೋಣೆಯನ್ನು ತಗಡು ಅಡ್ಡಡ್ಡಲಾಗಿ ಮೇಲೆ–ಕೆಳಗೆ ಎಂದು ಭಾಗ ಮಾಡುತ್ತದೆ. ಹಿಂದಿನ ಗಾಜಿನ ಕೆಳಗಿರುವ ಸೀಳುಗಳಿಂದ ತಣ್ಣನೆಯ ಗಾಳಿ ಮೇಲಿನ ಕೋಣೆಗೆ ಬರುತ್ತದೆ. ಸಿಲಿಂಡರ್ ದಾಟಿ ಬಿಸಿಯಾದದ್ದು ಕೆಳಗೆ ಹೋಗುತ್ತದೆ, ಸೈಲೆನ್ಸರೂ ಅಲ್ಲೇ. ನಡುವೆ ಸಂದಿ ಇದ್ದರೆ ಫ್ಯಾನು ಆ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಬಚ್ಚಲೊಲೆಯ ಮುಂದೆ ಬೀಸಣಿಗೆ ಹಿಡಿದು ಕೂತ ಹಾಗೆ. ಅದಕ್ಕೇ ತಗಡಿನ ಸುತ್ತ ರಬ್ಬರ್ ಪಟ್ಟಿ, ಪ್ಲಗ್ ವೈರಿನ ತೂತಿಗೂ ರಬ್ಬರ್ ಟೊಪ್ಪಿ.

ಹಾಸನದವ
ಹದಿನೈದು ದಿನ ಆಯ್ತು, ವರದಿ ಒಪ್ಪಿಸಬೇಕು.

ಶೆಟ್ರ ಮಾತು ಕೇಳಿ ಎಡಗಡೆ ಹೆಡ್ ಬಿಚ್ಚಿದೆ. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಅಂಚು ಚಕ್ಕುಲಿ ಮುರಿದ ಹಾಗೆ ಒಂದು ಕಡೆ ಹಾರಿಹೋಗಿತ್ತು. ಸುತ್ತ ಬಿಳಿ ಬೂದಿ ಬಣ್ಣ. ನಾಲ್ಕನೆಯದರ ವಾಲ್ವ್ ಚೆನ್ನಾಗೇ ಇದೆ. ಮೇಲೆ ಹೊಸ ಪೇಂಟ್ ಹೊಡೆದು, ಕೆಟ್ಟ ವಾಲ್ವನ್ನೇ ಒಳಗಿಟ್ಟು ಕೂಡಿಸಿದ್ದ ಪುಣ್ಯಾತ್ಮ. ಹೆಡ್ಡಿನ ಫಿನ್ ಸಂದಿಯಲ್ಲಿ ಎರಕದ ಕಸವೂ ಇತ್ತು, ಹಳೇ ಹ್ಯಾಕ್ಸಾ ಬ್ಲೇಡಿನಲ್ಲಿ ಎರಡು ಸಂಜೆ ಕೆರೆದೆ. ಆಚೆ ಕಡೆಯಿಂದ ಬೆಳಕು ಕಾಣುವಷ್ಟು ಬಂತು.

ಬಲಗಡೆ ಹೆಡ್ಡನ್ನೂ ಬಿಚ್ಚಿ, ಎರಡೂ ಪಕ್ಕ ಅಲೆ ತಗಡು ಕೂರಿಸಿ, ಹೊಸ ವಾಲ್ವ್ ಹಾಕಿಸಿ, ಹೆಡ್ ಬಿಗಿದಿದ್ದೇನೆ. ಕೂಲರಿನ ಎರಡು ಸೀಲು ಹೊಸದು, ಗುರುಗಳು ಕಳಿಸಿದ್ದು. ಹಿಂದಿನ ತಗಡೂ ಅವರದೇ. ದುಡ್ಡು ತಗೊಳ್ಳಲಿಲ್ಲ, ಉಂಗುರ ಕೇಳಿದರು. ದೊಡ್ಡಮ್ಮ "ಅದೂ ಹೋಯ್ತಾ" ಅಂದ್ರು.

ಒಂದೇ ತೊಂದರೆ. ಬೆಲ್ಟ್ ಸಡಿಲ ಇದೆ. ಡೈನಮೋ ಸರಿಸೋಕೆ ಸ್ಲಾಟೇ ಇಲ್ಲ?

ಶ್ಟುಟ್‌ಗಾರ್ಟ್ ಶೆಟ್ಟಿ
ಡೈನಮೋ ಅಲ್ಲಾಡುವುದಿಲ್ಲ. ಮೇಲಿನ ಪುಲ್ಲಿ ಎರಡು ಹೋಳು, ನಡುವೆ ತೆಳು ವಾಷರುಗಳಿರ್ತವೆ. ಪುಲ್ಲಿಯ ಅಂಚಿನ ಸೀಳಿಗೆ ಸ್ಕ್ರೂಡ್ರೈವರ್ ಕೊಟ್ಟು ತಿರುಗದ ಹಾಗೆ ಹಿಡಿದು, 21ರ ಸ್ಪ್ಯಾನರಿನಲ್ಲಿ ನಟ್ ಬಿಚ್ಚಿ. ನಡುವಿಂದ ಒಂದು ವಾಷರ್ ತೆಗೆದರೆ ಹೋಳುಗಳು ಹತ್ತಿರ ಬಂದು ಬೆಲ್ಟ್ ಮೇಲೇರಿ ಬಿಗಿಯಾಗ್ತದೆ. ತೆಗೆದ ವಾಷರನ್ನು ಹೊರಗಿನ ಹೋಳಿನ ಮೇಲೆ, ನಟ್ಟಿನ ಅಡಿಗೆ ಹಾಕಿಡಿ, ಕಳೆಯುವುದಿಲ್ಲ. ಹೆಬ್ಬೆರಳಲ್ಲಿ ಒತ್ತಿದರೆ ಬೆಲ್ಟ್ ಸುಮಾರು 15 ಮಿ.ಮೀ. ತಗ್ಗಬೇಕು. ಅದಕ್ಕಿಂತ ಬಿಗಿ ಬೇಡ, ಡೈನಮೋ ಬೇರಿಂಗ್ ಹೋಗ್ತದೆ. ಡಿಕ್ಕಿಯಲ್ಲಿ ಇನ್ನೊಂದು ಬೆಲ್ಟೂ 21ರ ಸ್ಪ್ಯಾನರೂ ಇರಲಿ.

ಹುಬ್ಬಳ್ಳಿ ಹೈದ
ಬಾಯಿಗೆ ಏನ್ ಹಾಕಿದ್ರಿ? ವಾಟಗಾ?

ಹಾಸನದವ
ಅಮ್ಮ ಲೋಟ ಮುಟ್ಟೋಕೆ ಬಿಡಲಿಲ್ಲ. ಹಾಲಿನ ಪಾತ್ರೆ ಕತ್ತರಿಸಿ ಎರಡು ಮುಚ್ಚಳ ಮಾಡಿಸಿದೆ.

ನಿನ್ನೆ ಸಂಜೆ ಸ್ಟಾರ್ಟ್ ಆಯ್ತು. ಶೆಡ್ಡಿನಿಂದ ಗೇಟಿನವರೆಗೆ, ಗೇಟಿನಿಂದ ಶೆಡ್ಡಿಗೆ. ದೊಡ್ಡಮ್ಮ ಜಗಲಿಯಲ್ಲಿ ಕೂತು ಕೇಳಿಸಿಕೊಂಡರು. ಬಸ್ ಪ್ರಿಯರೇ, ನಿಮ್ಮ 211ನ್ನು ತೊಳೆದು ಇಟ್ಟಿದ್ದೇನೆ. ಎಲ್ಲಿಗೆ ಕಳಿಸಲಿ?

ಬಸ್ ಪ್ರಿಯ
ತರೀಕೆರೆಗೆ. ಬಸ್ಸಿನ ತಗಡು ತಾನೇ, ಬಸ್ಸಿಗೇ ಹಾಕಿ ಕಳಿಸಿ. ಸ್ಟ್ಯಾಂಡಲ್ಲಿ ಬಂದು ಇಳಿಸಿಕೊಳ್ತೀನಿ.